ನಡೀತಾ ಮಾತಾಡು

ಆಗಸ್ಟ್ 30, ಶನಿವಾರ

ಪರದೇಶದ ಸಮ್ಮೇಳನಕ್ಕೆ ಆಹ್ವಾನ ಬಂದದ್ದು ನನ್ನೊಬ್ಬಳಿಗೆ, ಹೊರಟಿರುವುದು ನಾಲ್ಕು ಜನ. ಇದು ಹೇಗಾಯಿತು ಎಂದು ನನಗೇ ಸರಿಯಾಗಿ ನೆನಪಿಲ್ಲ. ಮೊದಲು ಇವರು, "ಹೇಗೂ ನಿನ್ನ ರೂಮಿನ ಬಾಡಿಗೆ ಅವರೇ ಕೊಡ್ತಾರಲ್ಲ, ಸ್ವಾಮಿಕಾರ್ಯ ಸ್ವಕಾರ್ಯ ಎರಡೂ ಆಗ್ಲಿ, ನಾವೂ ಬರ್ತೀವಿ" ಎಂದರು. ಆಮೇಲೆ ಮಗಳು, ಅವಳ ಕ್ಲಾಸಿನಲ್ಲಿ ವಿಮಾನ ಹತ್ತದೆ ಇರುವವಳು ಅವಳೊಬ್ಬಳೇ ಎಂದು ಅಪ್ಪಟ ಸುಳ್ಳು ಹೇಳಿದಳು. ಇನ್ನು ಅಪ್ಪ. ಅಮ್ಮ ಹೋದಮೇಲೆ ನಮ್ಮ ಜೊತೆಗೇ ಇದ್ದಾನೆ, ಒಬ್ಬನನ್ನೇ ಬಿಟ್ಟು ಹೋಗುವ ಹಾಗಿಲ್ಲ. "ನಾನ್ಯಾಕೆ ಅಲ್ಲೆಲ್ಲ, ನೀವು ಹೋಗ್ಬನ್ನಿ" ಎಂದವನು ಮರುದಿನವೇ ಹೋಗಿ ಹೊಸ ಶೂ ತಂದಿಟ್ಟುಕೊಂಡ. ಅವನಿಗಿರುವ ಆಸೆ ಒಂದೇ, ಪರದೇಶದ ಬಸ್ಸು ನೋಡಬೇಕು. ಮೂವತ್ತು ವರ್ಷ ಕಂಡಕ್ಟರಾಗಿದ್ದವನಿಗೆ ಇನ್ನೇನು ನೋಡಬೇಕಾಗಿರುತ್ತದೆ!

ಎರಡು ದೋಣಿಯ ಮೇಲೆ ಕಾಲಿಡುವುದು ಎಂದರೆ ಇದೇ. ಬೆಳಿಗ್ಗೆ ಸಮ್ಮೇಳನ, ಸಂಜೆ ಸಂಸಾರ. ನನ್ನ ಭಾಷಣಕ್ಕೆ ಸಿಕ್ಕಿರುವುದು ಹನ್ನೆರಡೇ ನಿಮಿಷ. ಆ ಗೋಷ್ಠಿಯ ಅಧ್ಯಕ್ಷೆ ನಮ್ಮ ಕ್ಷೇತ್ರಕ್ಕೇ ದೊಡ್ಡ ಹೆಸರಾದ ಹಿರಿಯ ವಿಜ್ಞಾನಿ. ಅವರು ಹಲವು ದೇಶಗಳಲ್ಲಿ ಒಟ್ಟಿಗೆ ನಡೆಸುವ ಅಧ್ಯಯನಕ್ಕೆ ಇನ್ನೊಂದು ತಂಡ ಹುಡುಕುತ್ತಿದ್ದಾರಂತೆ. ಅವರು ಹ್ಞೂಂ ಎಂದರೆ ನನ್ನ ಲ್ಯಾಬು ಉಳಿಯುತ್ತದೆ. ಇಲ್ಲವಾದರೆ ಮುರಿದ ಕುರ್ಚಿಗಳನ್ನು ತೆಗೆಸಿ ನಾನು ಲ್ಯಾಬು ಮಾಡಿಕೊಂಡ ಕೋಣೆಗೆ ಮುರಿದ ಕುರ್ಚಿಗಳು ವಾಪಸು ಬರುತ್ತವೆ. ಪ್ರಿನ್ಸಿಪಾಲರು ಇದನ್ನು ನಗುನಗುತ್ತಲೇ ಹೇಳಿದರು.

ಸೆಪ್ಟೆಂಬರ್ 7, ಭಾನುವಾರ

ವಿಮಾನದಲ್ಲಿ ಯಾರೂ ನಿದ್ದೆ ಮಾಡಲಿಲ್ಲ, ನನ್ನಿಂದಾಗಿ. ನನ್ನ ಭಾಷಣವನ್ನು ಇವರಿಗೆ ಮೂರು ಸಲ ಒಪ್ಪಿಸಿದೆ, ಮಗಳಿಗೆ ಎರಡು ಸಲ. ಕಡೆಗೆ ಅಪ್ಪ, "ಅಲ್ಲ ಮಗಳೇ, ನಂಗೊಂದು ಸಲ ನಮ್ಮ ಭಾಷೇಲಿ ಹೇಳು, ಏನು ನಿನ್ನ ವಿಷ್ಯ?" ಎಂದ.

ಹೇಳಿದೆ. ವಯಸ್ಸಾದವರ ಪಕ್ಕದಲ್ಲಿ ನಡೆಯುತ್ತಾ ಏನಾದರೊಂದು ಮಾತು ಕೇಳುತ್ತೇವೆ. ಕೆಲವರು ನಡೆಯುತ್ತಲೇ ಉತ್ತರ ಕೊಡುತ್ತಾರೆ. ಕೆಲವರು ನಿಂತು ಉತ್ತರ ಕೊಡುತ್ತಾರೆ. ನಿಲ್ಲುವವರಿಗೆ ನಡಿಗೆಗೇ ಪೂರ್ತಿ ಗಮನ ಬೇಕಾಗಿರುತ್ತದೆ. ಅಂಥವರು ಮುಂದೆ ಬೀಳುವ ಸಂಭವ ಹೆಚ್ಚು. ಇದನ್ನು ಕಂಡುಹಿಡಿದವಳು ನಾನಲ್ಲ. ಇದು ನಮ್ಮ ಕಡೆಯ ಜನರಿಗೂ ನಿಜವೇ ಎಂದು ಆರು ವರ್ಷ ವೃದ್ಧಾಶ್ರಮಗಳ ಕಾರಿಡಾರುಗಳಲ್ಲಿ ನಡೆದು ನೋಡಿದವಳು ಮಾತ್ರ ನಾನು.

"ಇಷ್ಟೇನಾ? ಇದನ್ನ ಹೇಳೋಕೆ ವಿಮಾನ ಹತ್ತಬೇಕಾ?" ಎಂದ ಅಪ್ಪ. ಆಮೇಲೆ ಕಿಟಕಿಯ ಕಡೆ ತಿರುಗಿ ಬಹಳ ಹೊತ್ತು ಮೋಡ ನೋಡುತ್ತಾ ಕೂತ.

ಇಳಿದ ಮೇಲೆ ಶುರುವಾಯಿತು. ಆ ವಿಮಾನ ನಿಲ್ದಾಣದ ಕಾರಿಡಾರು ಮುಗಿಯುವುದೇ ಇಲ್ಲ. ಹಿಂದಿನ ವಿಮಾನದವರೆಲ್ಲ ಪಾಸ್‌ಪೋರ್ಟಿನ ಸಾಲಿಗೆ ನುಗ್ಗುತ್ತಿದ್ದಾರೆ, ನಮ್ಮ ಅಪ್ಪನಿಗೆ ಅಲ್ಲೇ ಕತೆ ನೆನಪಾಗಬೇಕೆ? "ಒಂದ್ಸಲ ನಮ್ಮ ಬಸ್ಸಿಗೆ ಒಬ್ಬ ಮದುಮಗ ಹತ್ತಿದ್ದ ನೋಡು..." ಎಂದು ನಿಂತ. ಕತೆ ಹೇಳುವಾಗ ನಿಲ್ಲಬೇಕು, ಎರಡೂ ಕೈ ಆಡಬೇಕು. "ಅಪ್ಪ, ಬಾ" ಎಂದೆ. ಹತ್ತು ಹೆಜ್ಜೆ ಬಂದ. "ಮದುವೆ ಅವತ್ತೇ ಮಧ್ಯಾಹ್ನ..." ಮತ್ತೆ ನಿಂತ. ಮಗಳೂ ಅವನ ಜೊತೆ ಬಾಯಿ ಬಿಟ್ಟುಕೊಂಡು ನಿಂತಳು. ಸಾಲಿನಲ್ಲಿ ಎಲ್ಲರಿಗಿಂತ ಹಿಂದೆ ನಿಂತದ್ದು ನಾವೇ.

ಹೋಟೆಲಿನ ರೂಮು ಚಿಕ್ಕದು. ಹೆಚ್ಚುವರಿ ಮಂಚ ಹಾಕಿದರೆ ಬಾತ್‌ರೂಮಿನ ಬಾಗಿಲು ಅರ್ಧ ಮಾತ್ರ ತೆರೆಯುತ್ತದೆ. ಇವರ ಹೊಟ್ಟೆಗೆ ಅದು ಸಾಲದು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಸೆಪ್ಟೆಂಬರ್ 8, ಸೋಮವಾರ

ಇವತ್ತು ಸಂಸಾರದ ದಿನ. ನಾನೇ ಯೋಜನೆ ಹಾಕಿದ್ದೆ: ಬೆಳಿಗ್ಗೆ ವಸ್ತುಸಂಗ್ರಹಾಲಯ, ಮಧ್ಯಾಹ್ನ ಹಳೇ ಪೇಟೆ, ಸಂಜೆ ನದಿಯಲ್ಲಿ ಕೊನೆಯ ದೋಣಿ. ನಾಳೆಯೂ ಬುಧವಾರವೂ ದೋಣಿ ಇಲ್ಲವಂತೆ, ಆಮೇಲೆ ನನಗೆ ಪುರಸೊತ್ತಿಲ್ಲ.

ಬಸ್ಸು ಹತ್ತಿದ ಕೂಡಲೇ ಅಪ್ಪನ ಮುಖ ಸಪ್ಪಗಾಯಿತು. ಕಂಡಕ್ಟರೇ ಇಲ್ಲ! ಕಂಬಕ್ಕೆ ಅಂಟಿಸಿದ ಒಂದು ಪೆಟ್ಟಿಗೆಗೆ ಕಾರ್ಡು ತೋರಿಸಿದರೆ ಕುಯ್ಯ್ ಎನ್ನುತ್ತದೆ, ಮುಗಿಯಿತು. "ಮತ್ತೆ ಜನಕ್ಕೆ ಮುಂದೆ ಹೋಗಿ ಅಂತ ಯಾರು ಹೇಳ್ತಾರೆ? ಜಗಳ ಆಡೋಕೆ ಯಾರಿದ್ದಾರೆ?" ಎಂದು ಕೇಳಿದ. ಇಳಿಯುವಾಗ ಡ್ರೈವರಿಗೆ ಕೈಮುಗಿದ. ಡ್ರೈವರು ಗಾಬರಿಯಾಗಿ ತಾನೂ ಕೈಮುಗಿದ. ಅಲ್ಲಿವರೆಗೆ ಎಲ್ಲ ಚೆನ್ನಾಗಿತ್ತು.

ಆಮೇಲೆ ದಾರಿಯುದ್ದಕ್ಕೂ ಅದೇ. ಮಗಳು "ತಾತ, ಆ ಗಡಿಯಾರ ನೋಡು" ಎಂದರೆ ನಿಲ್ಲುತ್ತಾನೆ. ಇವರು "ಮಾವ, ಕಾಲು ನೋಯ್ತಿದ್ಯಾ?" ಎಂದರೆ "ಇಲ್ಲಪ್ಪ" ಎನ್ನಲು ನಿಲ್ಲುತ್ತಾನೆ. ನಾನು ಮುಂದೆ ಹೋಗಿ ಹಿಂದೆ ತಿರುಗಿ ನೋಡಿದಾಗಲೆಲ್ಲ ರಸ್ತೆಯ ನಡುವೆ ಒಂದು ಸಭೆ. ಆ ಮದುಮಗನ ಕತೆ ಇವತ್ತೂ ಶುರುವಾಯಿತು. ಮದುಮಗ ಸೀಟಿನಲ್ಲಿ ಕೂತ, ನಿದ್ದೆ ಹೋದ. ಅಷ್ಟಕ್ಕೇ ಒಂದು ಬೀದಿ ಮುಗಿಯಿತು. ನನ್ನ ತಲೆಯಲ್ಲಿ ಏಳನೇ ಸ್ಲೈಡು ಕುಣಿಯುತ್ತಿತ್ತು. ಅದರ ನಕ್ಷೆ ಸರಿಯಿಲ್ಲ, ಬಣ್ಣ ಬದಲಾಯಿಸಬೇಕು. ಕಾಲಿಗೆ ಚಕ್ರ ಕಟ್ಟಿಕೊಂಡವಳ ಹಾಗೆ ನಾನು, ಬೇರು ಬಿಟ್ಟವನ ಹಾಗೆ ಅಪ್ಪ.

ನಾವು ದಡ ಮುಟ್ಟುವಾಗ ದೋಣಿಯವನು ಹಗ್ಗ ಬಿಚ್ಚಿಯಾಗಿತ್ತು. ಕೈ ಬೀಸಿದೆ, ಕೂಗಿದೆ, ದೋಣಿ ಹೋಗಿಯೇಬಿಟ್ಟಿತು.

ಸಿಟ್ಟು ನೆತ್ತಿಗೇರಿತು. "ಒಂದು ಮಾತಿಗೆ ಒಂದು ಸಲ ನಿಂತ್ರೆ ನಾವು ಊರು ಸೇರೋದು ಯಾವಾಗಪ್ಪ? ನಡೀತಾ ಮಾತಾಡು. ಇಲ್ಲ, ಸುಮ್ಮನೆ ನಡಿ" ಎಂದೆ. ಸ್ವಲ್ಪ ಜೋರಾಗಿಯೇ ಹೇಳಿದೆ ಎಂದು ಕಾಣುತ್ತದೆ, ದಡದಲ್ಲಿದ್ದ ಇಬ್ಬರು ತಿರುಗಿ ನೋಡಿದರು. ಅಪ್ಪ "ಆಯ್ತಮ್ಮ" ಎಂದ.

ರೂಮಿಗೆ ಬಂದಮೇಲೆ ಇವರು ಶರ್ಟು ಮಡಚುತ್ತಾ, "ಅಲ್ವೇ, ನಿಮ್ಮಪ್ಪನ್ನೂ ನಿನ್ನ ಲೆಕ್ಕಕ್ಕೆ ಸೇರಿಸ್ಕೋಬಹುದಲ್ವಾ? ಮಾತಾಡಿಸಿದ್ರೆ ನಿಲ್ತಾರೆ" ಎಂದು ನಕ್ಕರು. ನನಗೆ ನಗು ಬರಲಿಲ್ಲ. ಅಪ್ಪ ಓಡುವ ಬಸ್ಸಿನಲ್ಲಿ ಏನನ್ನೂ ಹಿಡಿಯದೆ ಹಿಂದಿನ ಬಾಗಿಲಿಂದ ಮುಂದಿನ ಬಾಗಿಲಿಗೆ ನಡೆಯುತ್ತಾ, ಟಿಕೆಟ್ ಹರಿಯುತ್ತಾ, ಚಿಲ್ಲರೆ ಎಣಿಸುತ್ತಾ, ನಾಲ್ಕು ಜನರ ಜೊತೆ ಹರಟುತ್ತಿದ್ದವನು. ಅವನು ನಿಲ್ಲುವುದು ಕತೆಯ ಚಟಕ್ಕೆ. ನನಗೆ ಗೊತ್ತಿಲ್ಲದ್ದು ಇವರಿಗೆ ಗೊತ್ತೇ? "ರೀ, ನಿಮಗೆ ಬರದೇ ಇರೋ ವಿಷಯದಲ್ಲಿ ಬಾಯಿ ಹಾಕ್ಬೇಡಿ" ಎಂದೆ. ಬಾತ್‌ರೂಮಿಗೆ ಹೋಗಿ, ಅರ್ಧ ಬಾಗಿಲು ಹಾಕಿಕೊಂಡು, ಏಳನೇ ಸ್ಲೈಡಿನ ಬಣ್ಣ ಬದಲಾಯಿಸಿದೆ.

ಸೆಪ್ಟೆಂಬರ್ 9, ಮಂಗಳವಾರ

ಇವತ್ತು ಎಲ್ಲ ಸಲೀಸು. ಎರಡು ಉದ್ಯಾನ, ಒಂದು ಕೋಟೆ, ಅಂಗಡಿ ಬೀದಿ, ಎಲ್ಲವೂ ಹೊತ್ತಿಗೆ ಸರಿಯಾಗಿ ಮುಗಿದವು. ಅಪ್ಪ ಒಂದು ಕಡೆಯೂ ನಿಲ್ಲಲಿಲ್ಲ. ತಲೆ ತಗ್ಗಿಸಿಕೊಂಡು, ಹೊಸ ಶೂ ನೋಡಿಕೊಂಡು, ನನ್ನ ಸರಿಸಮಕ್ಕೆ ನಡೆದ. ಮಾತು ಬೆಳ್ಳಿ, ಮೌನ ಬಂಗಾರ. ಮೊನ್ನೆಯೇ ಗದರಿದ್ದರೆ ದೋಣಿಯೂ ಸಿಗುತ್ತಿತ್ತು.

ಮಗಳು ಮಾತ್ರ ಮುಖ ಊದಿಸಿಕೊಂಡಿದ್ದಾಳೆ. "ತಾತ ಬೆಳಿಗ್ಗೆಯಿಂದ ಮಾತೇ ಆಡಿಲ್ಲ, ನೀನು ನೋಡಿದ್ಯಾ? ಮದುಮಗ ಎದ್ನಾ ಅಂತ ಕೇಳಿದ್ರೆ ಕೈಯಲ್ಲಿ ತಡಿ ಅಂತಾನೆ" ಎಂದಳು. ವಯಸ್ಸಾದವರಿಗೆ ಹೊಸ ಜಾಗದಲ್ಲಿ ಹಾಗೇ ಆಗುತ್ತದೆ ಎಂದು ಹೇಳಿದೆ.

ಒಂದು ವಿಚಿತ್ರ. ಉದ್ಯಾನದ ಬೆಂಚಿನ ಮೇಲೆ ಅಪ್ಪನನ್ನು ಕೂರಿಸಿ ನಾವು ನೀರಿನ ಬಾಟಲಿ ತರಲು ಹೋಗಿದ್ದೆವು. ಬಂದು ನೋಡಿದರೆ ಪಕ್ಕದಲ್ಲಿ ಕೂತ ಯಾರೋ ಅಜ್ಜಿಯ ಜೊತೆ ಭರ್ಜರಿ ಮಾತುಕತೆ. ಅವಳ ಭಾಷೆ ಇವನಿಗೆ ಬಾರದು, ಇವನದು ಅವಳಿಗೆ ಬಾರದು. ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದರು. ಎದ್ದು ಹೊರಟ ಕೂಡಲೇ ಮತ್ತೆ ಗಪ್‌ಚಿಪ್. ನನ್ನ ಮೇಲೆ ಮುನಿಸಿಕೊಂಡಿರಬೇಕು. ಇರಲಿ, ಗುರುವಾರ ಕಳೆದ ಮೇಲೆ ಸಮಾಧಾನ ಮಾಡಿದರಾಯಿತು.

ಸೆಪ್ಟೆಂಬರ್ 10, ಬುಧವಾರ

ಸಮ್ಮೇಳನ ಶುರು. ಕುತ್ತಿಗೆಗೆ ಬಿಲ್ಲೆ ಕಟ್ಟಿಕೊಂಡ ಸಾವಿರ ಜನ. ಯಾರ ಮುಖವನ್ನೂ ಯಾರೂ ನೋಡುವುದಿಲ್ಲ, ಎಲ್ಲರ ಕಣ್ಣೂ ಬಿಲ್ಲೆಯ ಮೇಲೆ. ಹಿರಿಯ ವಿಜ್ಞಾನಿಯನ್ನು ದೂರದಿಂದ ಕಂಡೆ. ಕಾಫಿ ಲೋಟ ಹಿಡಿದು ಅವರ ಹತ್ತಿರ ಹೋದೆ, ಅಷ್ಟರಲ್ಲಿ ಇನ್ಯಾರೋ ನಡುವೆ ಬಂದರು. ಮತ್ತೆ ಹೋದೆ, ಫೋನು ಬಡಿದುಕೊಂಡಿತು. ರೂಮಿನ ಕೀಲಿ ಕಾರ್ಡು ಕೆಲಸ ಮಾಡುತ್ತಿಲ್ಲ, ಏನು ಮಾಡೋದು ಎಂದು ಇವರು. ಎತ್ತು ಏರಿಗೆ, ಕೋಣ ನೀರಿಗೆ.

ಉಗುರೆಲ್ಲ ಕಚ್ಚಿಕೊಂಡಿದ್ದೇನೆ. ಏಳನೇ ಸ್ಲೈಡು ಮೊದಲಿನ ಬಣ್ಣವೇ ಚೆನ್ನಾಗಿತ್ತು.

ಸೆಪ್ಟೆಂಬರ್ 11, ಗುರುವಾರ, ಬೆಳಿಗ್ಗೆ

ಇವತ್ತು. ತಿಂಡಿಗೆ ಹೋಗದೆ ಭಾಷಣ ಇನ್ನೊಂದು ಸಲ ಒಪ್ಪಿಸಿ ನೋಡಿಕೊಂಡೆ. ಮನೆಯವರಿಗೆಲ್ಲ ಒಳಗೆ ಬರಲು ಚೀಟಿ ಕೊಡಿಸಿದ್ದೇನೆ. ಬೇಡ ಎಂದರೂ ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ತಯಾರಾಗಿ ಕೂತಿದ್ದಾನೆ. ಅವರು ಬಂದರೆ ನನಗೆ ಇನ್ನೂ ಹೆದರಿಕೆ. ಬರದಿದ್ದರೆ ಬೇಜಾರು.

ಸೆಪ್ಟೆಂಬರ್ 12, ಶುಕ್ರವಾರ

ಹೋಟೆಲಿನ ತಿಂಡಿ ಕೋಣೆಯಲ್ಲಿ ಕೂತು ಬರೆಯುತ್ತಿದ್ದೇನೆ. ಎದುರಿಗೆ ಅಪ್ಪ ಬಲಗೈಯಲ್ಲಿ ತಿನ್ನುತ್ತಿದ್ದಾನೆ. ಎಡಗೈಗೆ ಮೊಣಕೈವರೆಗೂ ಪ್ಲಾಸ್ಟರು. ಮಗಳು ಅವನ ಬ್ರೆಡ್ಡಿಗೆ ಬೆಣ್ಣೆ ಹಚ್ಚಿಕೊಡುತ್ತಿದ್ದಾಳೆ.

ನಿನ್ನೆಯದನ್ನು ಬರೆಯಲೇಬೇಕು.

ಭಾಷಣ ಚೆನ್ನಾಗಿ ಆಯಿತು. ನಾನು ಅಂದುಕೊಂಡದ್ದಕ್ಕಿಂತ ಚೆನ್ನಾಗಿ ಆಯಿತು. ಸಭಾಂಗಣ ಮೆಟ್ಟಿಲು ಮೆಟ್ಟಿಲಾಗಿ ಮೇಲಕ್ಕೆ ಹೋಗುತ್ತದೆ. ಕೊನೇ ಸಾಲಿನ ತುದಿಯಲ್ಲಿ ಅಪ್ಪನ ಬಿಳಿ ಅಂಗಿ ಕಾಣುತ್ತಿತ್ತು. ವೃದ್ಧಾಶ್ರಮದ ಕಾರಿಡಾರಿನ ವೀಡಿಯೋ ಹಾಕಿದೆ. ಒಬ್ಬ ತಾತ ನಡೆದು ಬರುತ್ತಾನೆ, ನನ್ನ ವಿದ್ಯಾರ್ಥಿನಿ "ಊಟ ಆಯ್ತಾ?" ಎನ್ನುತ್ತಾಳೆ, ಅವನು ನಿಂತು "ಆಯ್ತಮ್ಮ" ಎನ್ನುತ್ತಾನೆ. ಸಭೆಯಲ್ಲಿ ಎಲ್ಲರಿಗೂ ಅರ್ಥವಾಯಿತು.

ಕೊನೆಗೆ ಹಿರಿಯ ವಿಜ್ಞಾನಿ ಒಂದೇ ಪ್ರಶ್ನೆ ಕೇಳಿದರು. "ನಿಲ್ಲುವವರು ಸರಿ. ಉತ್ತರವನ್ನೇ ಕೊಡದೆ ನಡೆದುಹೋಗುವವರು ಇರುತ್ತಾರಲ್ಲ, ಅವರನ್ನು ಏನು ಮಾಡಿದಿರಿ?"

"ಅಂಥವರನ್ನು ಲೆಕ್ಕದಿಂದ ಕೈಬಿಟ್ಟಿದ್ದೇವೆ" ಎಂದೆ. ಥಟ್ಟನೆ, ಹೆಮ್ಮೆಯಿಂದ ಹೇಳಿದೆ. ಅವರು ತಲೆಯಾಡಿಸಿ ಏನೋ ಗುರುತು ಹಾಕಿಕೊಂಡರು.

ಗೋಷ್ಠಿ ಮುಗಿದ ಮೇಲೆ ಅವರೇ ನನ್ನ ಬಳಿ ಬಂದು, ಊರಿಗೆ ಹೋದಮೇಲೆ ಮೇಲ್ ಮಾಡುತ್ತೇನೆ, ಒಟ್ಟಿಗೆ ಕೆಲಸ ಮಾಡೋಣ ಎಂದು ಕೈ ಕುಲುಕಿದರು. ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ತಲೆಯೆತ್ತಿ ನೋಡಿದರೆ ಅಪ್ಪ ಮೆಟ್ಟಿಲಿಳಿದು ಬರುತ್ತಿದ್ದ. ನಡುದಾರಿಗೆ ಹಿಡಿದುಕೊಳ್ಳಲು ಕಂಬಿಯಿಲ್ಲ. ತಲೆ ತಗ್ಗಿಸಿ, ಒಂದೊಂದೇ ಹೆಜ್ಜೆ ನೋಡಿಕೊಂಡು, ಬಹಳ ಜೋಪಾನವಾಗಿ ಬರುತ್ತಿದ್ದ. ಇವರೂ ಮಗಳೂ ಜನರ ಹಿಂದೆ ಸಿಕ್ಕಿಕೊಂಡಿದ್ದರು.

ನಾನು ಕೆಳಗಿನಿಂದ ಕೂಗಿದೆ. "ಅಪ್ಪಾ, ಹೇಗಿತ್ತು?"

ಅಪ್ಪ ತಲೆ ಎತ್ತಿದ. ನಕ್ಕ. ಆದರೆ ನಿಲ್ಲಲಿಲ್ಲ.

ಆರು ವರ್ಷದಲ್ಲಿ ನೂರಾರು ಜನ ಮುದುಕರು ನಿಂತದ್ದನ್ನು ನೋಡಿದ್ದೇನೆ. ನಿಲ್ಲಬೇಕಾದವನು ನಿಲ್ಲದೆ ಇದ್ದದ್ದನ್ನು ನೋಡಿದ್ದು ಇದೇ ಮೊದಲು. ನನಗೆ ಗೊತ್ತಾಗಿಹೋಯಿತು. ನಿಲ್ಲು ಎನ್ನಲು ಬಾಯಿ ತೆರೆದೆ, ಅಷ್ಟರಲ್ಲಿ ಅವನೇ ಮಾತು ತೆಗೆದ.

"ಭಾಷೆ ತಿಳೀಲಿಲ್ಲ ಮಗಳೇ, ಆದ್ರೆ ನೀನು..." ಎಂದ. ಕಾಲು ಮೆಟ್ಟಿಲಿನ ಅಂಚಿನಾಚೆ ಗಾಳಿಯಲ್ಲಿತ್ತು.

ಮೂರು ಮೆಟ್ಟಿಲು ಉರುಳಿದ. ಎಡಗೈ ಊರಿದ, ಅದರಿಂದ ತಲೆ ಉಳಿಯಿತು. ಎಲ್ಲರಿಗಿಂತ ಮೊದಲು ಓಡಿದ್ದು ಹಿರಿಯ ವಿಜ್ಞಾನಿ. ಆ ವಯಸ್ಸಿನಲ್ಲೂ ನೆಲದ ಮೇಲೆ ಮಂಡಿಯೂರಿ, ತಮ್ಮ ಕೋಟು ಮಡಚಿ ಅವನ ತಲೆಯ ಕೆಳಗೆ ಇಟ್ಟರು. ನನ್ನನ್ನು ಒಂದು ಸಲ ನೋಡಿದರು, ಏನೂ ಹೇಳಲಿಲ್ಲ. ಹೇಳಿದ್ದರೆ ಚೆನ್ನಾಗಿತ್ತು.

ಆಸ್ಪತ್ರೆಯಲ್ಲಿ ಎಳೆಯ ವಯಸ್ಸಿನ ಡಾಕ್ಟರು ಹೇಗೆ ಬಿದ್ದರು ಎಂದು ಕೇಳಿದ. ಕಾಲು ಜಾರಿತು ಎನ್ನಬಹುದಿತ್ತು. "ಮೆಟ್ಟಿಲಿಳಿಯುವಾಗ ನಾನು ಮಾತಾಡಿಸಿದೆ" ಎಂದೆ. ಅವನು ಹಾಗೆಯೇ ಬರೆದುಕೊಂಡ.

ಮಣಿಕಟ್ಟು ಮುರಿದಿದೆ. ಪ್ಲಾಸ್ಟರು ಒಣಗುವವರೆಗೆ ಪಕ್ಕದಲ್ಲಿ ಕೂತಿದ್ದೆ. ಅಳು ತಡೆಯಲಾಗಲಿಲ್ಲ. ಅಪ್ಪ ಪ್ಲಾಸ್ಟರಿನ ಕೈ ಎತ್ತಿ ನೋಡಿ, "ಟಿಕೆಟ್ ಹಿಡಿಯೋ ಕೈ. ಈಗೇನು ಕೆಲ್ಸ ಬಿಡು ಅದಕ್ಕೆ" ಎಂದ. ಆಮೇಲೆ, "ಅಳ್ಬೇಡ. ನೀನು ಹೇಳಿದ್ದನ್ನೇ ಮಾಡಿದೆ ನೋಡು, ನಡೀತಾನೇ ಮಾತಾಡಿದೆ" ಎಂದ.

ಅವನು ತಮಾಷೆಗೆ ಹೇಳಿದ್ದು. ನಾನು ಕಣ್ಣೊರೆಸಿಕೊಂಡು ಕೇಳಿದೆ.

"ಯಾವಾಗಿಂದಪ್ಪ ಹೀಗೆ?"

"ವರ್ಷ ಆಯ್ತೇನೋ. ಮಾತಿಗೆ ಗಮನ ಕೊಟ್ರೆ ಕಾಲು ಎಲ್ಲಿದೆ ಅಂತ ತಿಳಿಯಲ್ಲ. ಅದಕ್ಕೇ ನಿಲ್ತಿದ್ದೆ. ನೀನು ಅವಸರದಲ್ಲಿದ್ದೆ. ಸರಿ, ಎರಡರಲ್ಲಿ ಒಂದು ಬಿಡೋಣ ಅಂತ ಮಾತು ಬಿಟ್ಟೆ. ಇವತ್ತು ಮಾತ್ರ ನಿನಗೆ ಉತ್ತರ ಕೊಡದೆ ಇರೋಕೆ ಆಗ್ಲಿಲ್ಲ."

"ನಂಗ್ಯಾಕೆ ಹೇಳಲಿಲ್ಲ? ನನ್ನ ಕೆಲಸವೇ ಅದಲ್ವಾ?"

ಅಪ್ಪ ನನ್ನ ಮುಖ ನೋಡಿದ. "ಹೇಳೋಕೆ ನಿಲ್ಲಬೇಕಿತ್ತಲ್ಲ ಮಗಳೇ."

ಸೆಪ್ಟೆಂಬರ್ 13, ಶನಿವಾರ

ಬರೆಯಲು ಏನೂ ತೋಚುತ್ತಿಲ್ಲ. ಅಪ್ಪನ ಶೂ ದಾರ ಕಟ್ಟಿದೆ.

ಸೆಪ್ಟೆಂಬರ್ 14, ಭಾನುವಾರ

ಸಮ್ಮೇಳನದ ಕೊನೆಯ ದಿನ ಇವತ್ತೇ ಇರಬೇಕು. ನಾನು ಹೋಗಲಿಲ್ಲ.

ಅಪ್ಪನಿಗೆ ಇನ್ನೊಂದು ಸಲ ಬಸ್ಸು ಹತ್ತಬೇಕಂತೆ. ಹೋಟೆಲಿನ ಬಾಗಿಲಲ್ಲೇ ಮಗಳು ಎಲ್ಲರನ್ನೂ ನಿಲ್ಲಿಸಿ ಕಾನೂನು ಮಾಡಿದಳು. ತಾತನಿಗೆ ಏನಾದರೂ ಹೇಳಬೇಕು ಎನಿಸಿದರೆ ಕಂಡಕ್ಟರಾಗಿದ್ದಾಗ ಕೂಗುತ್ತಿದ್ದ ಹಾಗೆ "ಹೋಲ್ಡಾನ್" ಎನ್ನಬೇಕು. ಎಲ್ಲರೂ ನಿಲ್ಲಬೇಕು. ಹೇಳಿ ಮುಗಿದ ಮೇಲೆ "ರೈಟ್ ರೈಟ್" ಎನ್ನಬೇಕು, ಆಗ ಹೊರಡಬೇಕು. ನಮಗೆ ಏನಾದರೂ ಕೇಳಬೇಕಿದ್ದರೂ ಅದೇ ಕಾನೂನು. "ನಿಯತ್ತಾಗಿ ನಡೆಸ್ತೀರಾ?" ಎಂದು ಅಪ್ಪ ನನ್ನ ಕಡೆ ನೋಡಿಯೇ ಕೇಳಿದ.

ಬಸ್ ಸ್ಟಾಪು ಹೋಟೆಲಿಗೆ ಕಾಣಿಸುವಷ್ಟು ಹತ್ತಿರ. ತಲುಪುವಷ್ಟರಲ್ಲಿ ಎರಡು ಬಸ್ಸು ಹೋದವು. ದಾರಿಯಲ್ಲಿ ಅಪ್ಪ ಹೇಳಿದ್ದು: ಈ ಊರಿನ ಪಾರಿವಾಳಗಳು ದಪ್ಪ, ಅಮ್ಮನಿಗೆ ವಿಮಾನ ಎಂದರೆ ಹೆದರಿಕೆ, ಇದ್ದಿದ್ದರೆ ಕಣ್ಣು ಮುಚ್ಚಿಕೊಂಡೇ ಬರುತ್ತಿದ್ದಳು, ಮೆಟ್ಟಿಲ ಮೇಲೆ ಕೋಟು ಕೊಟ್ಟ ಆ ಯಮ್ಮನಿಗೆ ಏನಾದರೂ ಕೊಡಬೇಕು. ಅಮ್ಮನ ಮಾತಿಗೆ ಬಹಳ ಹೊತ್ತು ನಿಂತೆವು. ಇವರು ನನ್ನ ಹೆಗಲ ಮೇಲೆ ಕೈ ಇಟ್ಟರು. ಇವರಿಗೆ ನಾನು ಇನ್ನೂ ಕ್ಷಮೆ ಕೇಳಿಲ್ಲ, ಕೇಳಬೇಕು.

ಗಡಿಯಾರ ರೂಮಿನಲ್ಲೇ ಮರೆತು ಬಂದಿದ್ದೆ. ನದಿಯ ಹತ್ತಿರ ಹೋದಾಗ ದೋಣಿ ಹೊರಟುಹೋಗಿತ್ತು. ದಡದಲ್ಲಿ ಕೂತು ಅದು ಹೋಗುವುದನ್ನು ನೋಡಿದೆವು.

ಸೆಪ್ಟೆಂಬರ್ 15, ಸೋಮವಾರ

ವಿಮಾನದಲ್ಲಿ. ಹಿರಿಯ ವಿಜ್ಞಾನಿಯ ಮೇಲ್ ಬಂದಿದೆ, ಮನೆಗೆ ಹೋಗಿ ಓದುತ್ತೇನೆ.

ನಿಲ್ದಾಣದಲ್ಲಿ ಗಾಲಿಕುರ್ಚಿ ತಂದಿದ್ದರು. ಮುರಿದಿರುವುದು ಕೈ, ಕಾಲಲ್ಲ ಎಂದು ಅಪ್ಪ ಕೂರಲಿಲ್ಲ. ಊರಿಗೆ ಹೋದಮೇಲೆ ನನ್ನ ಲ್ಯಾಬಿಗೆ ದಿನಾ ಬರುತ್ತೇನೆ, ಏನು ವ್ಯಾಯಾಮ ಹೇಳಿದರೂ ಮಾಡುತ್ತೇನೆ, ಇವತ್ತು ಮಾತ್ರ ನಡೆಯುತ್ತೇನೆ ಎಂದ. ನಾನು ಅವನ ಬಲಗೈ ತೋಳು ಹಿಡಿದುಕೊಂಡೆ. ಅದೇ ಮುಗಿಯದ ಕಾರಿಡಾರು. ನಮ್ಮ ಬಾಗಿಲು ಕಟ್ಟಕಡೆಯದು. ಪೆಟ್ಟಿಗೆ ಎಳೆದುಕೊಂಡು ಜನ ಎರಡೂ ಕಡೆಯಿಂದ ನುಗ್ಗುತ್ತಿದ್ದರು.

ಅರ್ಧ ದಾರಿಯಲ್ಲಿ ಅಪ್ಪ, "ಹೋಲ್ಡಾನ್" ಎಂದ.

ನಾಲ್ವರೂ ನಿಂತೆವು. ಹಿಂದೆ ಬರುತ್ತಿದ್ದವನು ಇವರಿಗೆ ಡಿಕ್ಕಿ ಹೊಡೆದು, ಗೊಣಗುತ್ತಾ ಸುತ್ತು ಹಾಕಿಕೊಂಡು ಹೋದ.

"ಆ ಮದುಮಗ ಇದ್ನಲ್ಲ, ನಿದ್ದೆಯಲ್ಲಿ ಅವನ ಸ್ಟಾಪು ದಾಟಿಹೋಯ್ತು. ನಾನೂ ನೋಡ್ಲಿಲ್ಲ. ಏಳೆಂಟು ಮೈಲಿ ಆಚೆ ಹೋದ್ಮೇಲೆ ಒಬ್ಬ ಮುದುಕಿ ಕೇಳಿದ್ಲು, ಏನಪ್ಪಾ ಕಂಡಕ್ಟ್ರೇ, ಬಾಸಿಂಗ ಮಡಿಲಲ್ಲಿಟ್ಕೊಂಡು ಒಬ್ಬ ಮಲಗವ್ನಲ್ಲ, ಇವನ ಮದುವೆ ಎಲ್ಲಿ? ನಂಗೆ ಎದೆ ಧಸಕ್ಕಂತು. ಬಸ್ಸು ತುಂಬ ಜನ. ಒಬ್ಬನಿಗೆ ಕೋರ್ಟು, ಒಬ್ಬಳಿಗೆ ಆಸ್ಪತ್ರೆ, ಎಲ್ರಿಗೂ ಒಂದೊಂದು ಅವಸರ. ನಾನು ನಡುವೆ ನಿಂತು ಕೈಮುಗಿದು ಕೇಳ್ದೆ, ಏನ್ರಪ್ಪಾ ಮಾಡೋಣ, ಬಸ್ಸು ತಿರುಗಿಸೋಣ್ವಾ ಅಂತ..."

ಮೇಲಿನಿಂದ ನಮ್ಮ ವಿಮಾನದ ಕೊನೆಯ ಕರೆ ಬಂತು. ಮಗಳು ನನ್ನ ಮುಖ ನೋಡಿದಳು. ಇವರೂ ನೋಡಿದರು. ಅಪ್ಪ ಮಾತು ನಿಲ್ಲಿಸಿ, "ರೈಟ್ ರೈಟ್" ಎನ್ನಲು ಬಾಯಿ ತೆರೆದ.

ನಾನು ಕೈಚೀಲವನ್ನು ನೆಲಕ್ಕಿಟ್ಟೆ.

"ಜನ ಏನಂದ್ರಪ್ಪ?" ಎಂದೆ.